ಇತರರು, ಮೂವತ್ತೊಂದು

ನಮ್ಮ ದ್ವೀಪದಲ್ಲಿ ಸಿಹಿ ತಾನಾಗಿ ಸಿಹಿಯಾಗುವುದಿಲ್ಲ. ಕಬ್ಬು ಬೆಳೆಯುತ್ತದೆ, ಮಾವು ಹಣ್ಣಾಗುತ್ತದೆ, ಬಂಡೆಯ ಸಂದಿಯಿಂದ ಜೇನು ತೊಟ್ಟಿಕ್ಕುತ್ತದೆ. ಆದರೆ ಅದನ್ನು ಬಾಯಿಗೆ ಹಾಕಿಕೊಳ್ಳುವವರು ಮೊದಲು ಗುಡ್ಡ ಹತ್ತಿರಬೇಕು. ಹಾಳುಬಿದ್ದ ಸಕ್ಕರೆಮನೆಯ ಒಳಗೆ ಹೋಗಿರಬೇಕು. ಸಾಲಾಗಿರುವ ಐದು ಕೊಪ್ಪರಿಗೆಗಳಲ್ಲಿ ನಾಲ್ಕನ್ನು ದಾಟಿ, ಕೊನೆಯದರ ಮುಂದೆ ಬಗ್ಗಿ, ಅಲ್ಲಿ ದುಡಿದು ಸತ್ತವರಲ್ಲಿ ಒಬ್ಬರ ಹೆಸರನ್ನು ಅದರೊಳಗೆ ಹೇಳಿರಬೇಕು. ಹೇಳಿದವರ ನಾಲಿಗೆಗೆ ಒಂದು ವರ್ಷ ಸಿಹಿ. ಹೇಳದವರಿಗೆ ಮಾವಿನಹಣ್ಣೂ ಒದ್ದೆ ಮರಳೂ ಒಂದೇ.

ಇನ್ನೊಂದು ಕಟ್ಟಳೆಯೂ ಇದೆ. ಒಂದು ಹೆಸರಿಗೆ ಒಂದೇ ಬಾಯಿ. ಇಬ್ಬರು ಒಂದೇ ಹೆಸರು ಹೇಳಿದರೆ ಇಬ್ಬರಿಗೂ ಸಿಹಿಯಿಲ್ಲ. ಹುಟ್ಟಿದ ಮಗುವಿಗೆ ತಾಯಿ ಒಂದು ಹೆಸರನ್ನು ಹೇಳಿ ಹಿಡಿದುಕೊಳ್ಳುತ್ತಾಳೆ. ಆ ಮಗು ಬೆಳೆದು, ಮುದಿಯಾಗಿ, ಸಾಯುವ ತನಕ ವರ್ಷಕ್ಕೊಮ್ಮೆ ಗುಡ್ಡ ಹತ್ತಿ ಅದೇ ಹೆಸರು ಹೇಳುತ್ತದೆ. ಸತ್ತ ಮೇಲೆ ಹೆಸರು ಇನ್ನೊಂದು ಬಾಯಿಗೆ ಬಿಡುವಾಗುತ್ತದೆ.

ಈ ನಿಯಮ ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಸಕ್ಕರೆಮನೆಯ ಧಣಿಗಳು ಒಂದು ಬೆಳಿಗ್ಗೆ ಹಡಗು ಹತ್ತಿ ಹೋದರು. ಗಾಳಿಗಾಣದ ರೆಕ್ಕೆಗಳು ಒಂದೊಂದಾಗಿ ಉದುರಿದವು. ಹೊಗೆಗೂಡಿನ ಬಾಯಿಂದ ಅತ್ತಿಮರ ತಲೆ ಎತ್ತಿತು. ಬಿಡುಗಡೆಯಾದವರು ಮೊದಲ ಸಲ ತಮಗಾಗಿ ಕಬ್ಬು ಹಿಂಡಿಕೊಂಡು ಕುಡಿದರು. ಅದು ಬರೀ ನೀರಿನ ಹಾಗಿತ್ತಂತೆ. ಆಗ ಒಬ್ಬಳು ಮುದುಕಿ ಗುಡ್ಡ ಹತ್ತಿ, ಕುದಿಯುವ ರಸ ಮೈಮೇಲೆ ಬಿದ್ದು ಸತ್ತ ತನ್ನ ತಂಗಿಯನ್ನು ಕೊನೆಯ ಕೊಪ್ಪರಿಗೆಯೊಳಗೆ ಹೆಸರು ಹಿಡಿದು ಕರೆದಳಂತೆ. ಇಳಿದು ಬಂದು ಕಬ್ಬಿನ ತುಂಡು ಕಚ್ಚಿದರೆ ಸಿಹಿ. ಅಂದಿನಿಂದ ಹೀಗೆ ನಡೆದುಬಂದಿದೆ.

ಹೆಸರುಗಳು ನನ್ನ ಅಜ್ಜಿಯ ಬಳಿ ಹಗ್ಗದ ಗಂಟುಗಳಾಗಿದ್ದವು. ಅಮ್ಮನ ಬಳಿ ಹಾಡಾಗಿದ್ದವು. ನಾನು ದೊಡ್ಡ ದ್ವೀಪದ ಕಾಲೇಜಿನಲ್ಲಿ ಓದಿ ಬಂದವಳು. ನಾನು ಪುಸ್ತಕ ಮಾಡಿದೆ. ಮನುಷ್ಯರಿಗೆ ಕೆಂಪು ರಟ್ಟಿನ ಪುಸ್ತಕ, ವಸ್ತುಗಳಿಗೆ ನೀಲಿ ರಟ್ಟಿನ ಪುಸ್ತಕ. ಯಾವ ಹೆಸರು ಯಾವ ಬಾಯಲ್ಲಿದೆ, ಎಂದಿನಿಂದ ಇದೆ, ಅದಕ್ಕೆ ಮೊದಲು ಯಾರ ಬಾಯಲ್ಲಿತ್ತು, ಎಲ್ಲವೂ ಕೆಂಪು ಪುಸ್ತಕದಲ್ಲಿದೆ. ಗುಡ್ಡದ ಮೇಲೆ ಬಿದ್ದಿರುವ ಮೊಳೆ, ಸರಪಳಿ, ಗಾಣದ ಹಲ್ಲು, ಸೌಟು, ಎಲ್ಲವೂ ನೀಲಿ ಪುಸ್ತಕದಲ್ಲಿದೆ. ಐವತ್ತೆರಡು ವರ್ಷ ಅವುಗಳಲ್ಲಿ ಒಂದು ಚಿತ್ತೂ ಕಾಟೂ ಇರಲಿಲ್ಲ. ಊರವರು ನನ್ನನ್ನು ಪುಸ್ತಕದಮ್ಮ ಎಂದು ಕರೆಯುತ್ತಾರೆ. ಕೆಲವರು ಗೌರವದಿಂದ ಕರೆಯುತ್ತಾರೆ, ಮೀನಿನಾಕೆ ಕೀಟಲೆಗೆ ಕರೆಯುತ್ತಾಳೆ. ನನ್ನ ಓರಗೆಯವಳು ಅವಳು, ಒಂದೇ ಬೀದಿಯವಳು. ಎಪ್ಪತ್ತು ವರ್ಷದಿಂದ ನನ್ನ ಜೊತೆ ಜಗಳವಾಡಿಕೊಂಡು ಬಂದಿದ್ದಾಳೆ.

ಕೆಂಪು ಪುಸ್ತಕಕ್ಕೆ ಮೂಲವೆಂದರೆ ಧಣಿಗಳೇ ಬಿಟ್ಟುಹೋದ ಪಟ್ಟಿ. ತಗಡಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿ ಎತ್ತು ಇಪ್ಪತ್ತೆರಡು ಎಂದಿದೆ. ಕತ್ತೆ ಹದಿನಾಲ್ಕು ಎಂದಿದೆ, ಕತ್ತೆಗಳಿಗೆ ಒಂದೊಂದಕ್ಕೂ ಹೆಸರು ಬರೆದಿದ್ದಾರೆ. ತಾಮ್ರದ ಕೊಪ್ಪರಿಗೆ ಐದು. ಆಮೇಲೆ ಜನ, ಇನ್ನೂರ ಹದಿನೆಂಟು ಹೆಸರು, ಒಂದೊಂದರ ಮುಂದೆ ಅವರವರ ಕೆಲಸ. ಎಲ್ಲ ಮುಗಿದ ಮೇಲೆ, ಹಾಳೆಯ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಒಂದು ಸಾಲು: ಇತರರು, ಮೂವತ್ತೊಂದು.

ನಾನು ಹುಡುಗಿಯಾಗಿದ್ದಾಗ ಒಬ್ಬ ಬಡಗಿ, ನೋಡೇ ಬಿಡೋಣ ಎಂದು, ಕೊಪ್ಪರಿಗೆಯೊಳಗೆ ಬಗ್ಗಿ "ಇತರರು" ಎಂದು ಕೂಗಿದ. ಆ ವರ್ಷವಿಡೀ ಅವನಿಗೆ ಪಾಯಸದಲ್ಲಿ ಏಲಕ್ಕಿ ಮಾತ್ರ ಗೊತ್ತಾಯಿತು.

ಸಿಹಿಯಿಲ್ಲದವರನ್ನು ಯಾರೂ ಊರು ಬಿಡಿಸುವುದಿಲ್ಲ. ಅವರೇ ಹೋಗುತ್ತಾರೆ. ಸಿಹಿಯಿಲ್ಲದ ಬಾಯಿಂದ ಮೊದಲು ಹಣ್ಣು ಹೋಗುತ್ತದೆ, ಆಮೇಲೆ ಹಾಡು ಹೋಗುತ್ತದೆ, ಆಮೇಲೆ ಮನೆಯವರನ್ನು ಕೂಗಿ ಕರೆಯುವ ಹುಮ್ಮಸ್ಸು ಹೋಗುತ್ತದೆ. ಆಮೇಲೆ ಒಂದು ದಿನ ಅವರು ಪೆಟ್ಟಿಗೆ ಕಟ್ಟಿ ದೋಣಿಕಟ್ಟೆಗೆ ನಡೆಯುತ್ತಾರೆ. "ಆ ಸತ್ತವರಿಗೂ ನನಗೂ ಏನು ಸಂಬಂಧ" ಎಂದು ಗುಡ್ಡ ಹತ್ತದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಅವರೆಲ್ಲ ಹೀಗೇ ಹೋದರು. ಅವರು ಹೋದದ್ದಕ್ಕೆ ನನಗೆ ದುಃಖವಾಗಿಲ್ಲ. ತಾರೀಖು ಬರೆದುಕೊಂಡು ಸುಮ್ಮನಾಗಿದ್ದೇನೆ.

ಹೊರಗಿನಿಂದ ನೋಡಲು ಬರುವವರಿಗೆ ಈ ಕಷ್ಟವಿಲ್ಲ. ಬರುವಾಗ ಬಾಯಲ್ಲಿ ತಂದ ಸಿಹಿ ನಲವತ್ತು ದಿನ ತಾಳುತ್ತದೆ. ಅವರು ಬೆಳಿಗ್ಗೆ ದೋಣಿಯಿಂದ ಇಳಿಯುತ್ತಾರೆ, ಟೋಪಿ ಹಿಡಿದುಕೊಂಡು ಗುಡ್ಡ ಹತ್ತುತ್ತಾರೆ, ನಾನು ಮುಂದೆ ನಿಂತು ತೋರಿಸುತ್ತೇನೆ. "ಇದು ಗಾಳಿಗಾಣ, ಇಲ್ಲಿ ಕಬ್ಬು ಹೋಯಿತು. ಇದು ಕಾಲುವೆ, ಇಲ್ಲಿ ರಸ ಹೋಯಿತು. ಇವು ಕೊಪ್ಪರಿಗೆಗಳು, ಇಲ್ಲಿ ಜನ ಹೋದರು." ಅವರು ಟೋಪಿ ತೆಗೆದು ನಿಲ್ಲುತ್ತಾರೆ. ಆಮೇಲೆ ನಾನೇ ಮಾಡಿದ ಕೊಬ್ಬರಿ ಉಂಡೆ ತಿಂದು, ಸಮುದ್ರ ನೋಡಿ, ಮಧ್ಯಾಹ್ನದ ದೋಣಿಗೆ ಇಳಿಯುತ್ತಾರೆ.

ಹೀಗಿರುವಾಗ ಒಂದು ವರ್ಷ ದೋಣಿಗಾರನ ಹೆಂಡತಿ ಅವಳಿ ಹೆತ್ತಳು. ಬಿಡುವಿದ್ದದ್ದು ಎರಡೇ ಹೆಸರು. ಇನ್ನೂರ ಹದಿನೇಳು ಒಂದಕ್ಕೆ, ಇನ್ನೂರ ಹದಿನೆಂಟು ಇನ್ನೊಂದಕ್ಕೆ. ನನ್ನ ಕಾಲದಲ್ಲಿ ಪುಸ್ತಕ ತುಂಬಿತಲ್ಲ ಎಂದು ನನಗೆ ಎಷ್ಟು ಹೆಮ್ಮೆಯೆಂದರೆ, ಅಳತೆಪಟ್ಟಿ ಇಟ್ಟು, ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ.

ಅದಾಗಿ ಎಂಟನೆಯ ದಿನ, ಆಚೆ ದ್ವೀಪಕ್ಕೆ ಉಪ್ಪು ತರಲು ಹೋಗಿದ್ದ ನನ್ನ ಮೊಮ್ಮಗ ಹೆಂಡತಿಯನ್ನು ಕರೆದುಕೊಂಡು ಬಂದ. ಉಪ್ಪು ಮರೆತಿದ್ದ.

ಈ ಹೊಸ ಸೊಸೆ ಮಡಕೆ ಮಾಡುವವಳು. ದೋಣಿಯಿಂದ ಇಳಿಯುವಾಗ ಎಡಗೈಯಲ್ಲಿ ತಿಗರಿಯ ಚಕ್ರ ತಬ್ಬಿಕೊಂಡಿದ್ದಳು, ಬಲಗೈಯಲ್ಲಿ ನನ್ನ ಕಾಲು ಮುಟ್ಟಿದಳು. ಮೂರನೆಯ ದಿನಕ್ಕೆ ನಮ್ಮ ಹಿತ್ತಿಲಿನ ಮಣ್ಣು ಅಗೆದು ಮೂಸಿ ನೋಡಿದಳು. ಹತ್ತನೆಯ ದಿನಕ್ಕೆ ಬೀದಿಯ ಅರ್ಧ ಮನೆಗಳಲ್ಲಿ ಅವಳ ಹೂಜಿ. ಅವಳು ಕೆಲಸ ಮಾಡುವಾಗ ಹಾಡುತ್ತಿದ್ದಳು, ಹಾಡು ಮರೆತಲ್ಲಿ ಮೊಮ್ಮಗನನ್ನು ಬೈಯುತ್ತಿದ್ದಳು. ಮನೆ ತುಂಬಿಕೊಂಡಿತು. ನಾನು ಮಾತ್ರ ದಿನ ಎಣಿಸುತ್ತಿದ್ದೆ. ಇಪ್ಪತ್ತು. ಮೂವತ್ತು. ಮೂವತ್ತೊಂಬತ್ತು.

ನಲವತ್ತೊಂದನೆಯ ದಿನ ಕೊಬ್ಬರಿ ಉಂಡೆ ಕೊಟ್ಟೆ. ಬೇಯಿಸಿದ ಸಪ್ಪೆ ಜೀಗುಜ್ಜೆ ತಿನ್ನುವ ಮುಖದಲ್ಲೇ ತಿಂದಳು. ತಿಂದು, "ಚೆನ್ನಾಗಿದೆ ಅಜ್ಜಿ," ಎಂದಳು.

ಪಕ್ಕದಲ್ಲೇ ಇದ್ದ ಮೀನಿನಾಕೆ ಬಿಡಲಿಲ್ಲ. "ಕಣ್ಣು ಮುಚ್ಚು ಮಗಾ," ಎಂದು ಒಂದು ಹೋಳು ಪಪ್ಪಾಯಿ, ಒಂದು ಹೋಳು ಹಸಿ ಕುಂಬಳಕಾಯಿ ಅವಳ ಬಾಯಿಗಿಟ್ಟಳು. "ಯಾವುದು ಪಪ್ಪಾಯಿ?"

ಸೊಸೆ ಬಹಳ ಹೊತ್ತು ಜಗಿದಳು. "ಎರಡನೇದು," ಎಂದಳು. ಎರಡನೆಯದು ಕುಂಬಳಕಾಯಿ.

ಕಣ್ಣು ಬಿಟ್ಟು ನಮ್ಮ ಮುಖ ನೋಡಿದವಳಿಗೆ ತಾನೇ ಅರ್ಥವಾಯಿತು. ಆ ವಾರವೇ ಹಾಡು ನಿಂತಿತು. ಅದರ ಮರುವಾರ ಮೊಮ್ಮಗನನ್ನು ಬೈಯುವುದೂ ನಿಂತಿತು. ಅವನು ಬೇಕೆಂದೇ ಕೆಸರುಗಾಲಲ್ಲಿ ಒಳಗೆ ಬಂದು, ಬೈಸಿಕೊಳ್ಳಲು ಕಾದು, ಯಾರೂ ಬೈಯದೆ, ತಾನೇ ನೆಲ ಒರೆಸಿದ.

ಊರವರು ದೋಣಿಕಟ್ಟೆಯ ಬಳಿ ಸೇರಿದರು. ನಾನು ಎರಡೂ ಪುಸ್ತಕ ಹಿಡಿದುಕೊಂಡು ಹೋದೆ.

"ಒಂದು ಹೆಸರು ಬರೆದುಬಿಡೇ ಪುಸ್ತಕದಮ್ಮ," ಎಂದಳು ಮೀನಿನಾಕೆ. "ನಿನ್ನ ಕೈ ಬರಹ ಚೆಂದ. ಕೊಪ್ಪರಿಗೆ ನಂಬಬಹುದು."

"ಬದುಕದೇ ಇದ್ದವರ ಹೆಸರು ಹೇಳಿದರೆ ಸಿಹಿ ಬರುತ್ತದೇನೇ?"

"ಹಾಗಾದರೆ ನಾನೇ ಸಾಯ್ತೀನಿ, ನನ್ನದು ಕೊಡು. ಹೇಗೂ ಹಲ್ಲಿಲ್ಲ."

"ನೀನು ಸಾಯುವ ಮಾತು ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೀನಿ. ನಿನ್ನ ನಂಬಿ ಕೂತರೆ ಹುಡುಗಿ ಮುದುಕಿಯಾಗ್ತಾಳೆ."

ಎಲ್ಲರೂ ನಕ್ಕರು. ನಗು ನಿಂತಿತು. ಆಗ ನಾನು ಕೆಂಪು ಪುಸ್ತಕ ತೆರೆದು, ನನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಹೇಳಿದೆ: "ನಾನು ಹಿಡಿದುಕೊಂಡಿರುವ ಹೆಸರನ್ನು ಇವತ್ತು ಬಿಡುತ್ತೇನೆ. ಎಪ್ಪತ್ತೈದು ವರ್ಷ ಸಿಹಿ ತಿಂದಿದ್ದೇನೆ, ಸಾಕು. ಇದು ಸೊಸೆಗೆ."

ಗುಂಪಿನ ಹಿಂದಿನಿಂದ ಸೊಸೆ ಮುಂದೆ ಬಂದಳು. "ಬೇಡ ಅಜ್ಜಿ. ನಿಮ್ಮ ಬಾಯಿಂದ ಕಿತ್ತು ತಿಂದರೆ ಅದು ನನಗೆ ಸಿಹಿ ಅನ್ನಿಸುತ್ತದಾ?"

"ನಿಯಮದ ಪ್ರಕಾರ ಅನ್ನಿಸುತ್ತದೆ."

"ನನಗೆ ಅನ್ನಿಸಲ್ಲ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಧೈರ್ಯ ಬರುತ್ತಿತ್ತು. "ಗುರುವಾರದ ದೋಣಿಗೆ ಹೋಗ್ತೀನಿ. ಇವರೂ ಬರ್ತಾರಂತೆ. ಅಷ್ಟರೊಳಗೆ ಒಂದು ಸಲ ಆ ಸಕ್ಕರೆಮನೆ ತೋರಿಸಿ. ನೋಡೋಕೆ ಬರೋರಿಗೆಲ್ಲ ತೋರಿಸ್ತೀರಿ, ನನಗೆ ತೋರಿಸೇ ಇಲ್ಲ."

ಅದು ನಿಜ. ಹೇಳಲು ಹೆಸರಿಲ್ಲದವಳನ್ನು ಅಲ್ಲಿಗೆ ಕರೆದೊಯ್ಯಲು ನನಗೆ ಮುಖವಿರಲಿಲ್ಲ.

ಬುಧವಾರ ಬೆಳಿಗ್ಗೆ ಹೊರಟೆವು. ಅವಳ ಪೆಟ್ಟಿಗೆ ಆಗಲೇ ಬಾಗಿಲ ಬಳಿ ಕಟ್ಟಿ ಇಟ್ಟಿತ್ತು, ತಿಗರಿಯ ಚಕ್ರಕ್ಕೆ ಗೋಣಿ ಸುತ್ತಿತ್ತು. ಬುಟ್ಟಿಯಲ್ಲಿ ಕೊಬ್ಬರಿ ಉಂಡೆ ತುಂಬಿ ಮೀನಿನಾಕೆಯ ತಲೆಯ ಮೇಲಿಟ್ಟೆ. ಬರಬೇಡವೆಂದರೂ ಬರುವವಳು ಹೊರೆಯನ್ನಾದರೂ ಹೊರಲಿ. ದಾರಿಯುದ್ದಕ್ಕೂ ಆಡುಗಳು ಅಡ್ಡ ಬಂದವು. ಸಮುದ್ರದ ಮೇಲೆ ಹೆಜ್ಜಾರ್ಲೆ ಹಕ್ಕಿಗಳು ಸಾಲುಗಟ್ಟಿ ಹೋದವು. ಮೂರು ಹೆಂಗಸರು ಗುಡ್ಡ ಹತ್ತಿದೆವು, ಇಬ್ಬರು ಏದುಸಿರು ಬಿಡುತ್ತ, ಒಬ್ಬಳು ಸುಮ್ಮನೆ.

"ಇದು ಗಾಳಿಗಾಣ," ಎಂದೆ. "ಇಲ್ಲಿ ಕಬ್ಬು ಹೋಯಿತು."

ಹವಳದ ಕಲ್ಲಿನ ಗೋಪುರ. ಮೇಲೆ ಆಕಾಶದ ಒಂದು ಬಿಲ್ಲೆ. ಸೊಸೆ ಗೋಡೆಗೆ ಕೈಯಿಟ್ಟು ನಡೆದಳು.

"ಇದು ಕಾಲುವೆ. ಇಲ್ಲಿ ರಸ ಹೋಯಿತು."

ಕಾಲುವೆಯ ತುಂಬ ಒಣಗಿದ ಎಲೆ. ಅದರಲ್ಲಿ ಒಂದು ಓತಿಕ್ಯಾತ ಧಣಿಯ ಹಾಗೆ ತಲೆ ಎತ್ತಿ ಕೂತಿತ್ತು.

"ಇವು ಕೊಪ್ಪರಿಗೆಗಳು," ಎಂದೆ. ಮುಂದಿನ ಮಾತು ನನ್ನ ಬಾಯಿಂದ ಬರಲಿಲ್ಲ. ದೊಡ್ಡದು, ಅದಕ್ಕಿಂತ ಚಿಕ್ಕದು, ಅದಕ್ಕಿಂತ ಚಿಕ್ಕದು, ಹೀಗೆ ಐದು. ಕೊನೆಯದರ ಅಂಚು ಜನರ ಕೈ ತಗುಲಿ ತಗುಲಿ ಹೊಳೆಯುತ್ತಿತ್ತು. ಸೊಸೆ ಅದರ ಮುಂದೆ ನಿಂತು ಒಳಗೆ ನೋಡಿದಳು. ಹೇಳಲು ಅವಳಿಗೆ ಏನೂ ಇರಲಿಲ್ಲ.

"ಸಾಕು, ಇಳಿಯೋಣ," ಎಂದೆ.

"ಆ ಬಾಗಿಲಾಚೆ ಏನಿದೆ?"

"ಅಲ್ಲಿ ನೋಡುವಂಥದ್ದು ಏನಿಲ್ಲ. ಅಚ್ಚಿನ ಮನೆ. ಕುದಿಸಿದ ಸಕ್ಕರೆಯನ್ನು ಮಣ್ಣಿನ ಅಚ್ಚುಗಳಿಗೆ ಸುರಿದು ತಿಂಗಳುಗಟ್ಟಲೆ ನಿಲ್ಲಿಸುತ್ತಿದ್ದರು. ಅಚ್ಚಿನ ಮೂತಿಯಲ್ಲಿ ಒಂದು ತೂತು, ಅದರಿಂದ ಕಾಕಂಬಿ ಇಳಿದು ಹೋಗಿ ಸಕ್ಕರೆ ಗಟ್ಟಿಯಾಗುತ್ತಿತ್ತು. ಈಗ ಬರೀ ಚೂರು."

ನಾನು ಮಾತು ಮುಗಿಸುವಷ್ಟರಲ್ಲಿ ಅವಳು ಒಳಗಿದ್ದಳು. ಮಡಕೆ ಮಾಡುವವಳ ಮುಂದೆ ಮಣ್ಣಿನ ಚೂರೆಂದರೆ ಇನ್ನೇನಾಗುತ್ತದೆ? ಅಲ್ಲಿ ನಾನು ನಾನ್ನೂರ ಹನ್ನೆರಡು ಚೂರುಗಳನ್ನು ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ್ದೆ. ಒಂದೊಂದಕ್ಕೂ ಸುಣ್ಣದಲ್ಲಿ ಅಂಕಿ ಬರೆದಿದ್ದೆ. ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು, ಅಂಚಿನಲ್ಲಿ ಹೆಬ್ಬೆರಳು ಆಡಿಸಿದಳು. ಇನ್ನೊಂದನ್ನು ಎತ್ತಿದಳು. ಆಮೇಲೆ ಮತ್ತೊಂದು.

"ಅಜ್ಜಿ, ಇದನ್ನೆಲ್ಲ ಬರೆದಿಟ್ಟಿದ್ದೀರಾ?"

"ಬರೆಯದೆ?" ಎಂದು ಕಂಕುಳಲ್ಲಿದ್ದ ನೀಲಿ ಪುಸ್ತಕ ತೆರೆದು ಓದಿದೆ. "ಒಂದು: ಅಚ್ಚಿನ ಚೂರು, ಕೆಂಪು ಮಣ್ಣು, ಉದ್ದ ಒಂದು ಗೇಣು. ದೋಷ: ಅಂಚಿನಲ್ಲಿ ಬೆರಳು ತಗುಲಿ ಗುಳಿ. ಎರಡು: ಅಚ್ಚಿನ ಚೂರು, ಕೆಂಪು ಮಣ್ಣು. ದೋಷ: ಅಂಚಿನಲ್ಲಿ ಬೆರಳು ತಗುಲಿ ಗುಳಿ. ಮೂರು..."

"ಎಲ್ಲದರಲ್ಲೂ ದೋಷ ಅಂತಲೇ ಬರೆದಿದ್ದೀರಾ?"

"ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ."

ಅವಳು ನನ್ನನ್ನು ನೋಡಿದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗುವಿನ ಹಾಗೆ ಏನೋ ಆಡಿತು. "ದೋಷ ಒಂದು ಮಡಕೆಗೆ ಬರುತ್ತೆ ಅಜ್ಜಿ. ನಾನ್ನೂರು ಮಡಕೆಗೆ ಒಂದೇ ಜಾಗದಲ್ಲಿ ಬರುತ್ತಾ? ಇದು ಗುರುತು. ನಮ್ಮಲ್ಲಿ ಹತ್ತು ಮನೆಗೆ ಒಂದೇ ಆವಿಗೆ. ಎಲ್ಲರ ಮಡಕೆಗಳೂ ಒಟ್ಟಿಗೆ ಬೇಯುತ್ತವೆ. ಹೊರಗೆ ತೆಗೆದಾಗ ಯಾರದು ಯಾವುದು ಗೊತ್ತಾಗಬೇಕಲ್ಲ? ಅದಕ್ಕೇ ಹಸಿಯಿರುವಾಗ ಒಬ್ಬೊಬ್ಬರು ಒಂದೊಂದು ಥರ ಹೆಬ್ಬೆರಳು ಒತ್ತುತ್ತೀವಿ. ನಮ್ಮಮ್ಮ ನೆಟ್ಟಗೆ. ನಾನು ಓರೆ. ಇಲ್ಲೂ ಹಾಗೇ ಮಾಡಿದ್ದಾರೆ ನೋಡಿ."

ನಾನು ಕನ್ನಡಕ ಒರೆಸಿಕೊಂಡೆ. ನೋಡಿದೆ. ನಲವತ್ತು ವರ್ಷದಿಂದ ನಾನು ನೋಡಿದ್ದ ಚೂರುಗಳೇ. ಆದರೆ ಈಗ ಅವಳು ಅವನ್ನು ಬೇರೆ ಥರ ಜೋಡಿಸುತ್ತಿದ್ದಳು, ನನ್ನ ಅಂಕಿಗಳನ್ನೆಲ್ಲ ಕೆಡಿಸುತ್ತ.

"ಇವನು ಎಡಗೈಯವನು. ಗುಳಿ ಬಲಕ್ಕೆ ವಾಲಿದೆ," ಎಂದಳು. ಏಳೆಂಟು ಚೂರು ಒಂದು ಗುಂಪಾದವು. "ಇವನಿಗೆ ಅವಸರ, ಒತ್ತಿ ಜಾರಿಸಿದ್ದಾನೆ. ಇವನು ಸೋಮಾರಿ, ಮುಟ್ಟಿದ ಹಾಗೆ ಮಾಡಿದ್ದಾನೆ ಅಷ್ಟೆ. ಈ ಇಬ್ಬರು ನೋಡಿ, ಒಂದೇ ಮಡಕೆಗೆ ಎರಡು ಗುಳಿ, ಪಕ್ಕಪಕ್ಕ. ಕೆಲಸ ಹಂಚಿಕೊಂಡಿದ್ದಾರೆ, ಅಥವಾ ಇಬ್ಬರಿಗೂ ಏನೋ ಇದೆ."

"ಅಯ್ಯೋ!" ಎಂದಳು ಮೀನಿನಾಕೆ ಸಂತೋಷದಿಂದ, ಬುಟ್ಟಿ ಇಳಿಸಿ. "ಯಾರ ಜೊತೆ ಯಾರು?"

"ಇವಳು ಹೆಂಗಸು," ಎಂದು ಸೊಸೆ ಒಂದು ಚೂರನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಳು. "ಸಣ್ಣ ಕೈ. ಉಗುರು ಉದ್ದ ಬಿಟ್ಟಿದ್ದಾಳೆ. ಗುಳಿಯ ಅಂಚಿನಲ್ಲಿ ಉಗುರಿನ ಗೀರು ಇದೆ. ಬೇಕೆಂದೇ ಮಾಡಿದ್ದು. ಅರ್ಧಚಂದ್ರದ ಹಾಗೆ." ಅವಳ ಹೆಬ್ಬೆರಳು ಆ ಗುಳಿಯೊಳಗೆ ಇಳಿಯಿತು. ಸರಿಯಾಗಿ ಕೂತಿತು. ಆ ಮಣ್ಣು ಹಸಿಯಿದ್ದಾಗ ಅವಳೇ ಒತ್ತಿದಂತಿತ್ತು.

ಗಾಳಿ ಬೀಸಿತು. ಹೊಗೆಗೂಡಿನ ಅತ್ತಿಮರ ಸರಸರ ಎಂದಿತು. ಪಟ್ಟಿಯ ಇನ್ನೂರ ಹದಿನೆಂಟು ಜನರಲ್ಲಿ ಮಡಕೆ ಮಾಡುವವರು ಒಬ್ಬರೂ ಇಲ್ಲವೆಂದು ನನಗೆ ಆಗ ನೆನಪಾಯಿತು.

ಮೊದಲು ಬಾಯಿ ತೆರೆದವಳು ಮೀನಿನಾಕೆಯೇ. "ಅದನ್ನ ಕೊಪ್ಪರಿಗೆ ಹತ್ತಿರ ತಗೊಂಡು ಬಾ ಮಗಾ."

"ಹೆಸರಿಲ್ಲವಲ್ಲೇ," ಎಂದೆ ನಾನು. "ಕೊಪ್ಪರಿಗೆಗೆ ಹೆಸರು ಹೇಳಬೇಕು."

"ಹೆಸರು ಧಣಿ ಬರೆದದ್ದು. ಇದು ಅವಳೇ ಬರೆದದ್ದು."

ನಾನು ಕಾಲೇಜಿನಲ್ಲಿ ಓದಿದವಳು. ಕಲಿತವರು ಹೇಳುವುದನ್ನೇ ಹೇಳಿದೆ: "ಇಲ್ಲಿಯ ತನಕ ಯಾರೂ ಹೀಗೆ ಮಾಡಿಲ್ಲ."

"ಇಲ್ಲಿಯ ತನಕ ನೀನು ಅದನ್ನ ದೋಷ ಅಂತ ಬರೆದು ಬಾಗಿಲು ಹಾಕಿಟ್ಟಿದ್ದೆ," ಎಂದಳು. "ನಾನ್ನೂರ ಹನ್ನೆರಡು ಸಲ ಬರೆದಿದ್ದೀಯ ಕಣೇ! ಒಂದು ಸಲವಾದರೂ ಕೈ ನೋಯಬಾರದಿತ್ತಾ?"

ದೋಷ ಎಂಬ ಆ ಪದವನ್ನೆಲ್ಲ ಹೊಡೆದುಹಾಕಲು ಆಮೇಲೆ ನನಗೆ ಒಂಬತ್ತು ದಿನ ಹಿಡಿಯಿತು. ಆ ನೀಲಿ ಪುಸ್ತಕದ ನಲವತ್ತು ಹಾಳೆ ಈಗ ಕೆಂಪು ಪುಸ್ತಕಕ್ಕೆ ಹೊಲಿದು ಸೇರಿಕೊಂಡಿವೆ. ಒಂದೊಂದು ಗುಳಿಯ ಮೇಲೂ ತೆಳ್ಳನೆಯ ಕಾಗದವಿಟ್ಟು, ಇದ್ದಿಲು ಉಜ್ಜಿ, ಗುರುತು ತೆಗೆದು ಅಂಟಿಸಿದ್ದೇನೆ. ಇಲ್ಲಿಯ ತನಕ ಹತ್ತೊಂಬತ್ತು ಬೇರೆ ಬೇರೆ ಹೆಬ್ಬೆರಳು ಸಿಕ್ಕಿವೆ. ಮೂವತ್ತೊಂದೂ ಸಿಗುತ್ತವೋ ಇಲ್ಲವೋ ಗೊತ್ತಿಲ್ಲ. ಮೂವತ್ತೊಂದಕ್ಕಿಂತ ಹೆಚ್ಚು ಸಿಕ್ಕರೂ ನನಗೆ ಆಶ್ಚರ್ಯವಿಲ್ಲ. ಆ ಧಣಿಗಳ ಲೆಕ್ಕವನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ. ಆದರೆ ಆ ಬುಧವಾರ ಬೆಳಿಗ್ಗೆ ಇದು ಯಾವುದೂ ನಮಗೆ ತಿಳಿದಿರಲಿಲ್ಲ. ನಾವು ಮೂವರು ಹೆಂಗಸರು, ಒಂದು ಚೂರು, ಒಂದು ಬುಟ್ಟಿ ಉಂಡೆ, ಅಷ್ಟೆ.

ಸೊಸೆ ಮೊದಲ ಕೊಪ್ಪರಿಗೆ ದಾಟಿದಳು. ಎರಡನೆಯದು ದಾಟಿದಳು. ಮೂರನೆಯದು, ನಾಲ್ಕನೆಯದು. ಕೊನೆಯದರ ಮುಂದೆ ಬಗ್ಗಿದಳು. ಚೂರನ್ನು ಎರಡೂ ಕೈಯಲ್ಲಿ ಹಿಡಿದು, ತಾಮ್ರದ ಒಳಗೆ ಇಳಿಸಿ, ಆ ಗುಳಿಯಲ್ಲಿ ಹೆಬ್ಬೆರಳು ಒತ್ತಿದಳು. ಹೇಳಲು ಹೆಸರಿರಲಿಲ್ಲ. ಆದರೆ ಏನೋ ಹೇಳಬೇಕೆನ್ನಿಸಿತೇನೋ, ಒಳಗೆ ಬಗ್ಗಿ ಮೆಲ್ಲಗೆ, ಆವಿಗೆಯ ಪಕ್ಕ ಕೂತ ಗೆಳತಿಗೆ ಹೇಳುವ ಹಾಗೆ, "ಚೆನ್ನಾಗಿ ಮಾಡಿದ್ದೀಯ ಕಣೇ," ಎಂದಳು.

ಕೊಪ್ಪರಿಗೆ ಸುಮ್ಮನಿತ್ತು. ಅದು ಯಾವಾಗಲೂ ಸುಮ್ಮನೆ ಇರುತ್ತದೆ. ಏನಾಯಿತೆಂದು ನಾಲಿಗೆಗೆ ಮಾತ್ರ ತಿಳಿಯುತ್ತದೆ.

ಹೊರಗೆ ಬಂದು, ಬಿದ್ದ ಗೋಡೆಯ ಮೇಲೆ ಕೂತೆವು. ಕೆಳಗೆ ಊರು, ದೋಣಿಕಟ್ಟೆ, ಕಟ್ಟಿಹಾಕಿದ ದೋಣಿ. ಮೀನಿನಾಕೆ ಬುಟ್ಟಿಯ ಬಟ್ಟೆ ಸರಿಸಿ ಒಂದು ಉಂಡೆ ತೆಗೆದಳು. ನಾನು ಅದನ್ನು ಅವಳಿಂದ ಕಸಿದುಕೊಂಡು ಸೊಸೆಗೆ ಕೊಟ್ಟೆ.

ಸೊಸೆ ಕಚ್ಚಿದಳು. ಜಗಿದಳು. ನಿಲ್ಲಿಸಿದಳು.

ಅವಳ ಹುಬ್ಬು ಗಂಟಿಕ್ಕಿತು.

"ಅಜ್ಜಿ," ಎಂದಳು, "ತಪ್ಪು ತಿಳೀಬೇಡಿ. ಇದನ್ನ ಯಾರು ಮಾಡಿದ್ದು?"

"ನಾನೇ. ಯಾವಾಗಲೂ ನಾನೇ ಮಾಡುವುದು."

"ಇದಕ್ಕೆ ಎಷ್ಟು ಬೆಲ್ಲ ಹಾಕಿದ್ದೀರಿ? ಗಂಟಲು ಕಟ್ಟುತ್ತೆ! ಕೊಬ್ಬರಿ ಎಲ್ಲಿದೆ ಇದರಲ್ಲಿ? ಇಷ್ಟೊಂದು ಸಿಹಿ ಯಾರಾದರೂ ತಿಂತಾರಾ?"

ಮೀನಿನಾಕೆ ನಗಲು ಶುರುಮಾಡಿದಳು. ನಕ್ಕು ನಕ್ಕು ಗೋಡೆಯಿಂದ ಜಾರಿ ಹುಲ್ಲಿನ ಮೇಲೆ ಕೂತಳು. ಎರಡು ಆಡು ಬೆದರಿ ಓಡಿದವು. "ಐವತ್ತು ವರ್ಷದಿಂದ," ಎಂದು ಉಸಿರು ಹಿಡಿದು ಹೇಳಿದಳು, "ಐವತ್ತು ವರ್ಷದಿಂದ ಇಡೀ ಊರು ಇದನ್ನ ನಿನಗೆ ಹೇಳೋಕೆ ಹೆದರಿ ಸಾಯ್ತಾ ಇತ್ತು ಪುಸ್ತಕದಮ್ಮ! ಬಂದೋರೆಲ್ಲ ಒಂದು ತಿಂದು ಇನ್ನೊಂದನ್ನ ಜೇಬಿಗೆ ಹಾಕ್ಕೊಂಡು ದೋಣಿಯಿಂದ ಮೀನಿಗೆ ಎಸೀತಾರೆ! ಅದಕ್ಕೇ ನನ್ನ ಮೀನು ಅಷ್ಟು ಕೊಬ್ಬಿರೋದು!"

ಇಂಥ ಮಾತಿಗೆ ನಾನು ಸಾಮಾನ್ಯವಾಗಿ ತಕ್ಕ ಉತ್ತರ ಕೊಡುತ್ತೇನೆ. ಅಂದು ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ಸೆರಗಿನಿಂದ ಒರೆಸಿಕೊಳ್ಳುವುದರಲ್ಲೇ ನನ್ನ ಬಿಗುಮಾನವೆಲ್ಲ ಖರ್ಚಾಯಿತು.

ಸೊಸೆ ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡಳು. ಮುಖ ಹಿಂಡಿಕೊಂಡೇ ಜಗಿದಳು. ಇನ್ನೊಂದಕ್ಕೆ ಕೈ ಚಾಚಿದಳು. ಅದನ್ನೂ ಬೈಯುತ್ತಲೇ ತಿಂದಳು. ಕೆಳಗೆ ದೋಣಿಕಟ್ಟೆಯ ಮೇಲೆ ಮೊಮ್ಮಗ ಚಿಕ್ಕ ಚುಕ್ಕೆಯ ಹಾಗೆ ನಿಂತು ಮೇಲೆ ನೋಡುತ್ತಿದ್ದ. ಅವಳು ಎದ್ದು ನಿಂತು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಊರಿಗೆಲ್ಲ ಕೇಳುವಂತೆ ಅವನನ್ನು ಕೂಗಿದಳು: ಪೆಟ್ಟಿಗೆ ಬಿಚ್ಚಬೇಕು, ಚಕ್ರದ ಗೋಣಿ ತೆಗೆಯಬೇಕು, ಒಳಗೆ ಬರುವ ಮುಂಚೆ ಕಾಲು ತೊಳೆಯಬೇಕು.

ಆಮೇಲೆ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ಅದನ್ನು ತಾನೇ ಸೊಂಟಕ್ಕಿಟ್ಟುಕೊಂಡು ನನಗೆ ಹೇಳಿದಳು.

"ನಾಳೆಯಿಂದ ಉಂಡೆ ನಾನು ಮಾಡ್ತೀನಿ ಅಜ್ಜಿ."

ನಾನು ತಾರೀಖು ಬರೆದುಕೊಂಡೆ.